ಇಳಿಸದೆ ತಂದ ಹೊಲಿಗೆ ಮಷೀನು

ಮನೆ ಸಾಮಾನು ಸಾಗಿಸುವ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕಲಿಯಬೇಕಾದದ್ದು ಎತ್ತುವುದನ್ನಲ್ಲ, ನೋಡುವುದನ್ನು. ಮನೆಯೊಳಗೆ ಕಾಲಿಟ್ಟ ಕೂಡಲೇ ಬೀರು ಎಷ್ಟು ದೊಡ್ಡದಿದೆ ಎಂದು ಬಾಯಿ ಬಿಡಬೇಡಿ, ಬಾಗಿಲು ಎಷ್ಟು ಚಿಕ್ಕದಿದೆ ನೋಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಡಗಿಯನ್ನು ಒಳಗೇ ಕೂರಿಸಿ ಬೀರು ಮಾಡಿಸಿರುತ್ತಾರೆ. ಅದು ಹುಟ್ಟಿದ್ದೇ ಆ ಕೋಣೆಯಲ್ಲಿ, ಹೊಸ್ತಿಲು ದಾಟಿದ್ದೇ ಇಲ್ಲ. ಮನೆಯವರಿಗೆ ಇದು ನೆನಪಿರುವುದಿಲ್ಲ. "ಹ್ಯಾಂಗ ಒಳಗ ಬಂದೈತೋ ಹಂಗ ಹೊರಗ ಹೋಗ್ತೈತಿ, ಎತ್ರಿ" ಎನ್ನುತ್ತಾರೆ. ಬರದೇ ಇದ್ದದ್ದು ಹೋಗುವುದಾದರೂ ಹೇಗೆ? ಚೌಕಟ್ಟು ಕೆತ್ತಬೇಕು, ಇಲ್ಲವೇ ಬೀರು ಬಿಚ್ಚಬೇಕು. ಯಾವುದನ್ನು ಮಾಡಿದರೂ ಬೈಸಿಕೊಳ್ಳುವವರು ನಾವೇ.

ನನ್ನ ಹೆಸರು ಯಮನಪ್ಪ. ಹುಟ್ಟಿದ್ದು ಅರಕೇರಿ, ದುಡಿದದ್ದೆಲ್ಲ ವಿಜಯಪುರದಲ್ಲಿ. ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದವನು, ಇಲ್ಲಿ ಒಬ್ಬರು ಮನೆ ಸಾಮಾನು ಸಾಗಿಸುವ ಕಂಪನಿ ತೆರೆದಾಗ ಮೊದಲ ದಿನವೇ ಸೇರಿದೆ. ಇಪ್ಪತ್ತಾರು ವರ್ಷ ಅಲ್ಲೇ ಕಳೆದೆ. ಅದರಲ್ಲಿ ಬಹಳ ವರ್ಷ ಮುಕಾದಮನಾಗಿದ್ದೆ. ಮುಕಾದಮ ಎಂದರೆ ಎತ್ತುವವರ ತಂಡಕ್ಕೆ ಮುಂದಾಳು. ಯಾವುದು ಮೊದಲು, ಯಾವುದು ಆಮೇಲೆ, ಯಾರು ಯಾವ ಮೂಲೆ ಹಿಡಿಯಬೇಕು ಎಂದು ಹೇಳುವವನು. ಇದನ್ನು ಬುದ್ಧಿ ಬೇಡದ ಕೆಲಸ ಎಂದು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರು ಒಮ್ಮೆ ಬಂದು ಮೂರು ಬಾಗಿಲಿನ ಬೀರುವನ್ನು ತಿರುವಿನ ಮೆಟ್ಟಿಲಲ್ಲಿ ಗೋಡೆಗೆ ತಾಗದಂತೆ ಇಳಿಸಿ ತೋರಿಸಲಿ. ಆಮೇಲೆ ಬುದ್ಧಿಯ ವಿಷಯ ಮಾತಾಡೋಣ.

ಹಾಗಂತ ನಾನು ಮಾಡಿದ ದಡ್ಡ ಕೆಲಸಗಳನ್ನು ಮುಚ್ಚಿಟ್ಟರೆ ಇದು ಬರೀ ಬಡಾಯಿಯಾಗುತ್ತದೆ. ಟಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವವರ ಮನೆಯೊಂದು ವಿಜಯಪುರಕ್ಕೆ ಬರುವುದಿತ್ತು. ಬೇಸಿಗೆಯ ನಡು ಮಧ್ಯಾಹ್ನ. ಆ ಮನೆಯ ಅಜ್ಜಿ ಎರಡು ದೊಡ್ಡ ಬೆಲ್ಲದ ಪೆಂಟಿಗಳನ್ನು ಗೋಣಿಚೀಲಕ್ಕೆ ಹಾಕಿ, ಇದು ಒಡೆಯಬಾರದು ಎಂದು ಮೂರು ಸಲ ಹೇಳಿದಳು. ಕಲ್ಲಿನಂಥ ಬೆಲ್ಲ, ಗಾಜಿನ ಸಾಮಾನಿನ ಹತ್ತಿರ ಇಟ್ಟರೆ ಗಾಜು ಒಡೆಯುತ್ತದೆ, ಕೆಳಗಿಟ್ಟರೆ ಬೆಲ್ಲ ಒಡೆಯುತ್ತದೆ. ನಾನು ಬಹಳ ಯೋಚಿಸಿ ಅದನ್ನು ಹೊಸ ಗಾದಿಗಳ ಮೇಲೆ ಮೆತ್ತಗೆ ಮಲಗಿಸಿ, ಮೇಲೆ ತಾಡಪತ್ರಿ ಬಿಗಿದೆ. ದಾರಿಯಲ್ಲಿ ಟೈರು ಪಂಕ್ಚರ್ ಆಗಿ ಗಾಡಿ ಬಿಸಿಲಲ್ಲೇ ನಿಂತಿತು. ವಿಜಯಪುರದಲ್ಲಿ ತಾಡಪತ್ರಿ ಬಿಚ್ಚಿದಾಗ ಚೀಲ ಚಪ್ಪಟೆಯಾಗಿತ್ತು.

"ಯಮನಪ್ಪಾ, ಬೆಲ್ಲ ಎಲ್ಲೈತೋ?" ಎಂದಳು ಅಜ್ಜಿ.

"ಗಾದ್ಯಾಗ ಐತಿ ಬೇ."

ಅವಳ ಮಗ ನನ್ನನ್ನು ಬೈದ. ಅಜ್ಜಿ ಬೈಯಲಿಲ್ಲ, ಆದರೆ ತಿಂಗಳುಗಟ್ಟಲೆ ಆಗಾಗ ಆಫೀಸಿಗೆ ಫೋನು ಮಾಡಿಸಿ, "ನಿಮ್ಮ ಯಮನಪ್ಪಗ ಹೇಳ್ರಿ, ಇವತ್ತೂ ಇರಿವಿ ಬಂದಾವ" ಎಂದು ಸುದ್ದಿ ಮುಟ್ಟಿಸುತ್ತಿದ್ದಳು. ಅಲ್ಲಿಂದ ಮುಂದೆ ತುಂಬುವ ಕ್ರಮದ ಬಗ್ಗೆ ನಾನು ಯಾರ ಮಾತನ್ನೂ ಕೇಳಲಿಲ್ಲ. ಭಾರದ್ದು ಮುಂದೆ, ಚಾಲಕನ ಬೆನ್ನ ಹಿಂದಿನ ತಗಡಿಗೆ ಒರಗಿಸಿ. ನಾಜೂಕಿನದು ಕೊನೆಗೆ, ಹಿಂಬಾಗಿಲ ಹತ್ತಿರ. ಎಲ್ಲಕ್ಕಿಂತ ಕೊನೆಗೆ ಒಲೆ, ರೊಟ್ಟಿ ಹಂಚು, ನೀರಿನ ಕೊಡ. ಹೊಸ ಮನೆಯಲ್ಲಿ ಜನಕ್ಕೆ ಮೊದಲು ಬೇಕಾಗುವುದು ಸೋಫಾ ಅಲ್ಲ, ಚಹಾ.

ನಾವು ಶುರು ಮಾಡಿದಾಗ ಗಾಜಿನ ಸಾಮಾನನ್ನು ಹಳೇ ಸೀರೆಯಲ್ಲಿ ಸುತ್ತಿ ಜೋಳದ ಹೊಟ್ಟಿನಲ್ಲಿ ಹುದುಗಿಸುತ್ತಿದ್ದೆವು. ಆಮೇಲೆ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ ಬಂತು, ರಟ್ಟಿನ ಪೆಟ್ಟಿಗೆ ಬಂತು, ಸೊಂಟಕ್ಕೆ ಕಟ್ಟುವ ಪಟ್ಟಿ ಬಂತು. ಅವೆಲ್ಲ ಒಳ್ಳೆಯವೇ. ಪಟ್ಟಿ ಹತ್ತು ವರ್ಷ ಮೊದಲೇ ಬಂದಿದ್ದರೆ ನನ್ನ ಸೊಂಟ ಇನ್ನೂ ನನ್ನ ಮಾತು ಕೇಳುತ್ತಿತ್ತು. ನನಗೆ ಸೇರದೇ ಇದ್ದದ್ದು ಫೋನಿನ ಯಾದಿ. ಹುಬ್ಬಳ್ಳಿ ಕಡೆಯಿಂದ ಬಂದ ಮ್ಯಾನೇಜರ್ ಒಬ್ಬ, ಪ್ರತಿ ಸಾಮಾನನ್ನೂ ಫೋಟೊ ಹೊಡೆದು ಫೋನಿನಲ್ಲಿರುವ ಹೆಸರು ಒತ್ತಬೇಕು ಎಂದು ಕಾಯಿದೆ ಮಾಡಿದ. ಆ ಫೋನಿನಲ್ಲಿ ಸೋಫಾ ಇತ್ತು, ಡೈನಿಂಗ್ ಟೇಬಲ್ ಇತ್ತು, ಬಟ್ಟೆ ಒಗೆಯುವ ಮಷೀನು ಎರಡು ಥರದ್ದು ಇತ್ತು. ಬೀಸುಕಲ್ಲು ಇರಲಿಲ್ಲ, ಒರಳು ಇರಲಿಲ್ಲ, ಕಾಳು ತುಂಬುವ ತಗಡಿನ ಕಣಜ ಇರಲಿಲ್ಲ, ತೊಟ್ಟಿಲು ಇರಲಿಲ್ಲ. ಹೆಸರಿಲ್ಲದ್ದಕ್ಕೆಲ್ಲ 'ಇತರೆ' ಎಂದು ಒತ್ತಬೇಕು. ನಮ್ಮ ಕಡೆಯ ಮನೆಗಳಲ್ಲಿ ಅರ್ಧ ಸಂಸಾರ ಆ ಫೋನಿನ ಪ್ರಕಾರ ಇತರೆ.

"ಸಾಹೇಬ್ರ, ತೊಟ್ಟಲಾ ಇತರೆ ಅಂದ್ರ ಹ್ಯಾಂಗ್ರಿ?" ಎಂದು ಕೇಳಿದೆ.

"ನಿನಗ ಹೇಳಿದಷ್ಟ ಮಾಡೋ ಮಾರಾಯಾ" ಎಂದ. ನಾನು ಅಂದಿನಿಂದ ಫೋನೂ ಒತ್ತಿದೆ, ಜೇಬಿನಲ್ಲಿ ಒಂದು ಪಾಟಿಬಳಪವನ್ನೂ ಇಟ್ಟುಕೊಂಡೆ. ಮಂಚದ ಕಾಲಿಗೆ, ಬೀರುವಿನ ಬೆನ್ನಿಗೆ ನನ್ನದೇ ಗುರುತು ಹಾಕುತ್ತಿದ್ದೆ. ಆ ಮ್ಯಾನೇಜರ್ ಎರಡು ವರ್ಷಕ್ಕೆ ವರ್ಗವಾಗಿ ಹೋದ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ನನ್ನ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ನಾವು ಯಾರ ಪೈಕಿ ಎಂದು ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಹೆಸರು ಕೇಳಿ, ಊರು ಕೇಳಿ, ಓಣಿ ಕೇಳಿ ತಿಳಿದುಕೊಳ್ಳುತ್ತಾರೆ. ಒಂದು ಮನೆಯಲ್ಲಿ ಬೆಳಗಿನಿಂದ ಅಡುಗೆಮನೆಯ ಸಾಮಾನೆಲ್ಲ ನಾವೇ ಸುತ್ತಿ, ಹೊತ್ತು, ಹೊಸ ಮನೆಯಲ್ಲಿ ನಾವೇ ಬಿಚ್ಚಿ ಜೋಡಿಸಿದೆವು. ಕೊನೆಗೆ ಆ ಮನೆಯ ಹಿರಿಯರು ನಮಗೆ ನೀರು ಕೊಡಲು ಬೇರೆ ಲೋಟ ಹುಡುಕತೊಡಗಿದರು. ಹುಡುಕಿಯೇ ಹುಡುಕಿದರು.

"ಹುಡುಕಬ್ಯಾಡ್ರಿ ಅಜ್ಜಾರ. ನಾವು ಮುಟ್ಟಲಾರದ ಲೋಟ ನಿಮ್ಮ ಮನ್ಯಾಗ ಈಗ ಒಂದೂ ಇಲ್ಲ" ಎಂದೆ.

ಅವರು ಸಿಟ್ಟಾದರು, ಆಫೀಸಿಗೆ ದೂರು ಹೋಯಿತು, ಬಾಯಿ ಬಿಗಿ ಹಿಡಿ ಎಂದು ನನಗೆ ತಾಕೀತಾಯಿತು. ನೀರನ್ನು ಎದುರಿನ ಅಂಗಡಿಯಲ್ಲಿ ಕುಡಿದೆವು. ನೀವು ಕೂಡ ಇಂಥ ಮನೆ ಕಾಣುತ್ತೀರಿ. ಕೆಲಸ ಚೊಕ್ಕ ಮಾಡಿ, ಒಂದು ಚಮಚವೂ ಕಡಿಮೆಯಾಗದಂತೆ ಒಪ್ಪಿಸಿ, ತಲೆ ಮಾತ್ರ ತಗ್ಗಿಸಬೇಡಿ.

ಈಗ ಬಬಲೇಶ್ವರದ ಕಥೆಗೆ ಬರುತ್ತೇನೆ. ವಿಜಯಪುರದಲ್ಲಿ ನಮ್ಮ ದಂಧೆಯವರು ಇವತ್ತಿಗೂ ಇದನ್ನು ಹೇಳಿಕೊಂಡು ನಗುತ್ತಾರೆ. ಕೆಲವರು ನನ್ನನ್ನು ಸಂಸಾರ ಒಡೆದವನು ಎನ್ನುತ್ತಾರೆ. ನಡೆದದ್ದು ನಡೆದಂತೆ ಬರೆಯುತ್ತೇನೆ.

ಒಂದು ಬೆಳಿಗ್ಗೆ ಆಫೀಸಿಗೆ ಮೂವತ್ತರ ಆಚೀಚೆಯ ಹೆಣ್ಣುಮಗಳೊಬ್ಬಳು ಬಂದಳು. ಹೆಸರು ಕಸ್ತೂರಿ. ಮಾಲಕರು ಫೋನಿನಲ್ಲಿದ್ದರು, ಅವಳು ನನ್ನನ್ನೇ ಕೇಳಿದಳು.

"ಮನಿ ಸಾಮಾನ ಒಯ್ಯಾಕ ಹೆಣ್ಮಕ್ಕಳ ಬಂದ ಹೇಳಿದ್ರ ನಡೀತೈತೇನ್ರಿ?"

"ಸಾಮಾನ ಯಾರ್ದೋ ಅವರ ಹೇಳಿದ್ರ ಸಾಕ್ರಿ."

"ಒಂದ ಬೀರು, ಒಂದ ಮಂಚ, ಒಂದ ಟ್ರಂಕ್ ಪಾತ್ರಿ, ಒಂದ ಹೊಲಿಗಿ ಮಷೀನು. ಬೀರು ಬಿಟ್ರೂ ನಡೀತೈತಿ, ಮಂಚ ಬಿಟ್ರೂ ನಡೀತೈತಿ. ಮಷೀನ ಮಾತ್ರ ಬರಬೇಕ್ರಿ."

ಮಾತಾಡುತ್ತ ವಿಷಯ ತಿಳಿಯಿತು. ಮದುವೆಗೆ ಮೊದಲು ಬೇರೆಯವರ ಮಷೀನಿನ ಮೇಲೆ ಹೊಲಿದು ದುಡಿದು ಅವಳೇ ಕೊಂಡ ಮಷೀನು ಅದು. ಬಬಲೇಶ್ವರದಲ್ಲಿ ಅವಳು ಕುಪ್ಪಸ ಹೊಲಿಯುವುದರಲ್ಲಿ ಹೆಸರಾಗಿದ್ದಳು. ಕಾಖಂಡಕಿಯಿಂದಲೂ ಹೆಂಗಸರು ಬಸ್ಸು ಹತ್ತಿ ಅಳತೆ ಕೊಡಲು ಬರುತ್ತಿದ್ದರು. ಮನೆಗೆ ಮಂದಿ ಬರುವುದು, ಹೆಂಡತಿಯ ಕೈಯಲ್ಲಿ ಅವಳದೇ ದುಡಿಮೆ ಇರುವುದು ಗಂಡನಿಗೆ ಸೇರಲಿಲ್ಲ. ನಾಲ್ಕು ತಿಂಗಳ ಹಿಂದೆ ಅವನು ಮಷೀನಿನ ಕೆಳಗಿನ ದೊಡ್ಡ ಚಕ್ರಕ್ಕೆ ಸರಪಳಿ ಸುತ್ತಿ ಕೀಲಿ ಜಡಿದ. ಹೊಡೆತ ಬಡಿತದ ವಿಷಯ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ವಿಜಯಪುರದ ಅಂಗಡಿಯೊಂದರಲ್ಲಿ ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸ ಅವಳಿಗೆ ಸಿಕ್ಕಿತ್ತು. ಮಷೀನು ನಿಮ್ಮದೇ ಇರಬೇಕು, ಮುಂದಿನ ವಾರದಿಂದಲೇ ಬಟ್ಟೆ ಕೊಡಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ಬಾಡಿಗೆಗೆ ಒಂದು ಕೋಣೆಯನ್ನೂ ಅವಳು ಹಿಡಿದಿದ್ದಳು.

"ನಿಮ್ಮ ಮನ್ಯಾಗ ಗೊತ್ತೈತೇನ್ರಿ?" ಎಂದೆ.

"ಮಾರಿ ಮ್ಯಾಲೇನ ಹೇಳೇನ್ರಿ, ಹೋಗ್ತೇನಿ ಅಂತ. ಹೋಗೂದಾದ್ರ ಬರಿಗೈಲೆ ಹೋಗು ಅಂದಾರ."

"ಮತ್ತ ಯಾವಾಗ ಬರೂಣು?"

"ಸಂತಿ ದಿನ ಬರ್ರಿ."

ಸಂತೆಯ ದಿನ ಗಂಡಸರು ಮನೆಯಲ್ಲಿರುವುದಿಲ್ಲ, ಅದಕ್ಕೇ ಹೇಳುತ್ತಿದ್ದಾಳೆ ಎಂದುಕೊಂಡು ಹಾಗೇ ಕೇಳಿದೆ. ಅವಳು ಇಲ್ಲವೆಂದಳು. "ಸಂತಿ ದಿನ ಓಣಿ ತುಂಬ ಮಂದಿ ಅಡ್ಡಾಡತಾರ್ರಿ. ಎಲ್ಲಾರೂ ನೋಡ್ಲಿ. ಕದ್ದ ಒಯ್ದಳು ಅಂತ ನಾಳೆ ಒಬ್ಬರೂ ಅನ್ನಬಾರದು."

ಅಲ್ಲಿಗೆ ನನಗೆ ಅವಳ ಮೇಲೆ ಗೌರವ ಹುಟ್ಟಿತು. ಮಾಲಕರು ಫೋನಿಟ್ಟು ಅವಳಿಂದ ಸಹಿ ಹಾಕಿಸಿಕೊಂಡರು. ಅವರಿಗೆ ಅದು ಇನ್ನೊಂದು ಬಾಡಿಗೆ, ಅಷ್ಟೇ.

ಸಂತೆಯ ದಿನ ನಾವು ನಾಲ್ವರು ಹೋದೆವು. ನಾನು, ಮಲ್ಲೇಶಿ, ಭೀಮು, ಮತ್ತು ಗಾಡಿ ಓಡಿಸುವ ಹಸನಸಾಬ. ಹಸನಸಾಬನ ಬಗ್ಗೆ ಒಂದು ಮಾತು: ಅವನು ಇಷ್ಟು ವರ್ಷದಲ್ಲಿ ಒಂದು ಕುರ್ಚಿಯನ್ನೂ ಎತ್ತಿದವನಲ್ಲ. "ನಾ ಡ್ರೈವರ್ ಇದ್ದೇನಿ, ಹಮಾಲ ಅಲ್ಲ" ಎಂದು ಸ್ಟಿಯರಿಂಗ್ ಹಿಂದೆಯೇ ಕೂತು ಎಲೆ ಅಡಿಕೆ ಹಾಕುತ್ತಿದ್ದ. ನಾವೂ ಅವನನ್ನು ಕರೆಯುತ್ತಿರಲಿಲ್ಲ.

ಮನೆಯ ಕಟ್ಟೆಯ ಮೇಲೆ ಕಸ್ತೂರಿಯ ಅತ್ತೆ ಕೂತಿದ್ದಳು. ಗಂಡ, ಮೈದುನ ಇಬ್ಬರೂ ಸಂತೆಗೆ ಹೋಗಿದ್ದರು. ಮುದುಕಿ ನಮ್ಮನ್ನು ತಡೆಯಲಿಲ್ಲ. "ಹೆಸರಿದ್ದದ್ದ ಅಷ್ಟ ಒಯ್ಯಿ" ಎಂದಳು ಸೊಸೆಗೆ. ನಮ್ಮ ಕಡೆ ಮದುವೆಯಲ್ಲಿ ತವರಿನವರು ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರೆ, ಯಾವ ಮನೆ ಖಾಲಿ ಮಾಡುವಾಗಲೂ ನಾವು ಅದನ್ನು ನೋಡುತ್ತೇವೆ. ಕಸ್ತೂರಿ ಟ್ರಂಕಿನ ಮುಂದೆ ಕೂತು ಒಂದೊಂದೇ ಪಾತ್ರೆ ತಿರುಗಿಸಿ, ಹೆಸರಿನ ಮೇಲೆ ಬೆರಳಿಟ್ಟು, ಅತ್ತೆಗೆ ಕೇಳುವಂತೆ ಓದಿ ನನ್ನ ಕೈಗೆ ಕೊಟ್ಟಳು. ನಡುವೆ ಅತ್ತೆಯ ಹೆಸರಿನ ಒಂದು ತಾಮ್ರದ ಚರಿಗಿ ಬಂತು. ಅದನ್ನು ಸೆರಗಿನಿಂದ ಒರೆಸಿ ಅತ್ತೆಯ ಮಗ್ಗುಲಿಗೆ ಇಟ್ಟಳು.

ಎಲ್ಲ ಮುಗಿದ ಮೇಲೆ ಮುದುಕಿ ಕೇಳಿದಳು. "ಮಷೀನ ಮ್ಯಾಲೆ ಎಲ್ಲೈತಿ ನಿನ್ನ ಹೆಸರು?"

ಕಸ್ತೂರಿ ಅಂಗಳಕ್ಕೆ ತಂದಿಟ್ಟಿದ್ದ ಮಷೀನಿನ ಹತ್ತಿರ ಹೋಗಿ ಕಾಲಿಂದ ತುಳಿಯುವ ಕಬ್ಬಿಣದ ಜಾಲರಿ ತೋರಿಸಿದಳು. ಅದರ ಬಣ್ಣ ಹೋಗಿ ಎರಡು ಪಾದದಷ್ಟು ಜಾಗ ಹೊಳೆಯುತ್ತಿತ್ತು. "ಇದ ಯಾರ ಕಾಲಿಲೆ ಸವದೈತಿ, ನೀವ ಹೇಳ್ರಿ ಅತ್ತಿ."

ಮುದುಕಿ ಆ ಹೊಳಪನ್ನು ನೋಡಿದಳು. ಆಮೇಲೆ "ಒಯ್ಯಿ" ಎಂದು ಮುಖ ಆಚೆ ತಿರುಗಿಸಿದಳು.

ಇಲ್ಲಿ ನಾನು ಜಾಣತನ ಮಾಡಲು ಹೋಗಿ ಒಂದು ತಪ್ಪು ಮಾಡಿದೆ. ಹೊಲಿಗೆ ಮಷೀನನ್ನು ಸಾಗಿಸುವಾಗ ಮೇಲಿನ ತಲೆಯನ್ನು ಬಿಚ್ಚಿ ಬೇರೆ ಮಾಡುತ್ತೇವೆ, ಕೆಳಗಿನ ಕಬ್ಬಿಣದ ಸ್ಟ್ಯಾಂಡು ಬೇರೆ. ತಲೆ ನಾಜೂಕಿನದು, ಕ್ರಮದ ಪ್ರಕಾರ ಕೊನೆಗೆ ತುಂಬಬೇಕು. ಆದರೆ ಆ ದಿನ ಯಾರಾದರೂ ಬಂದು ತಕರಾರು ತೆಗೆದರೆ ಎಂದುಕೊಂಡು ತಲೆಯನ್ನು ಗಾದಿಯಲ್ಲಿ ಸುತ್ತಿ ಎಲ್ಲಕ್ಕಿಂತ ಮೊದಲು, ಗಾಡಿಯ ತೀರಾ ಮುಂದಿನ ಮೂಲೆಗೆ ಇಟ್ಟೆ. ಅದರ ಹಿಂದೆ ಬೀರು, ಬೀರುವಿನ ಹಿಂದೆ ಮಂಚ. ಅದನ್ನು ತೆಗೆಯಬೇಕೆಂದರೆ ಇಡೀ ಗಾಡಿ ಇಳಿಸಬೇಕು. ನನ್ನ ಉಪಾಯಕ್ಕೆ ನಾನೇ ಖುಷಿಯಾಗಿ ಸ್ಟ್ಯಾಂಡಿನ ಸುದ್ದಿಯನ್ನೇ ಮರೆತೆ. ಸರಪಳಿ, ಕೀಲಿ ಸಮೇತ ಅದು ಅಂಗಳದಲ್ಲೇ ನಿಂತಿತ್ತು. ಅಷ್ಟರಲ್ಲಿ ಯಾರೋ ಸಂತೆಗೆ ಸುದ್ದಿ ಮುಟ್ಟಿಸಿದ್ದರಿಂದ ಗಂಡನೂ ಮೈದುನನೂ ಮೋಟರ್ ಸೈಕಲ್ ಮೇಲೆ ಬಂದಿಳಿದರು.

ಮೈದುನ ಬಂದವನೇ ಸ್ಟ್ಯಾಂಡಿನ ಹಲಗೆಯ ಮೇಲೆ ಹತ್ತಿ ಕೂತ. ತಲೆ ಬಿಚ್ಚಿದ್ದರಿಂದ ಹಲಗೆಯ ನಡುವೆ ದೊಡ್ಡ ತೂತಿತ್ತು. ಅದರ ಮೇಲೇ ಕೂತು ಕಾಲು ಇಳಿಬಿಟ್ಟ.

"ಇದ ಎಲ್ಲೂ ಹೋಗಾಂಗಿಲ್ಲ. ಯಾವ ಮಗಾ ಒಯ್ತಾನ ನೋಡೇ ಬಿಡ್ತೇನಿ."

ಸ್ಟ್ಯಾಂಡಿಲ್ಲದೆ ಕಾಲಿಂದ ತುಳಿದು ಹೊಲಿಯುವಂತಿಲ್ಲ. ಕೈಯಿಂದ ತಿರುಗಿಸುತ್ತ ಹೊಲಿದರೆ ಯೂನಿಫಾರ್ಮ್ ಕೆಲಸ ಸಾಗುವುದಿಲ್ಲ. ಓಣಿಯಲ್ಲಿ ಸಂತೆಯ ಚೀಲ ಹಿಡಿದವರು ಒಬ್ಬೊಬ್ಬರೇ ನಿಂತರು. ಹಸನಸಾಬ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಮನಪ್ಪಾ, ಬಿಡೋ ಮಾರಾಯಾ, ಒಂದ ಕಬ್ಬಿಣದ ತುಂಡು. ಉಳದದ್ದ ತಗೊಂಡ ನಡಿ" ಎಂದ.

ನನ್ನ ಫೋನು ಬಡಿದುಕೊಂಡಿತು. ಮಾಲಕರು. ಗಂಡನ ದೊಡ್ಡಪ್ಪ ಅವರಿಗೆ ಗುರುತಿನವನು, ತನ್ನ ಮಾಲು ಸಾಗಿಸುವ ಕೆಲಸವನ್ನೆಲ್ಲ ನಮ್ಮ ಕಂಪನಿಗೇ ಕೊಡುವವನು. ಆಗಲೇ ಅವರ ಕಿವಿಗೆ ವಿಷಯ ಹಾಕಿದ್ದ.

"ಮಂದಿ ಮನಿ ಜಗಳದಾಗ ನಮಗೇನ ಕೆಲಸೋ? ತುಂಬಿದ್ದೆಲ್ಲಾ ಇಳಸು, ಬರೇ ಗಾಡಿ ತಗೊಂಡ ಬಾ."

"ಒಂದ ನಿಮಿಷರಿ" ಎಂದು ಫೋನು ಕಿವಿಗೇ ಹಿಡಿದು ಕಸ್ತೂರಿಯ ಕಡೆ ತಿರುಗಿದೆ. "ಅಕ್ಕಾರ, ಎಲ್ಲಾ ಇಳಸು ಅನ್ನಾಕತ್ತಾರ. ಸಹಿ ಮಾಡಿದವರ ನೀವು. ನೀವ ಹೇಳ್ರಿ."

"ನಾ ಹೇಳೇನಲ್ರಿ. ಮಷೀನ ಬರಬೇಕು."

"ಇಳಸಾಂಗಿಲ್ರಿ ಮಾಲಕರ" ಎಂದು ಫೋನು ಜೇಬಿಗೆ ಹಾಕಿದೆ.

ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೊಡೆದಾಡುವುದು ನಮ್ಮ ಕೆಲಸವಲ್ಲ. ಒಬ್ಬರ ಮೈಗೆ ಕೈ ಹಚ್ಚಿದರೆ ನಾವು ಠಾಣೆಯಲ್ಲಿರುತ್ತೇವೆ, ಸಾಮಾನು ಅಂಗಳದಲ್ಲಿರುತ್ತದೆ. ನಮ್ಮ ಕೆಲಸ ಎತ್ತುವುದು. ಸ್ಟ್ಯಾಂಡನ್ನೂ ಅದರ ಮೇಲೆ ಕೂತವನನ್ನೂ ಒಮ್ಮೆ ನೋಡಿ ಅಳೆದೆ. ಕಬ್ಬಿಣ, ಮೇಲೊಬ್ಬ ಗಂಡಸು. ಎಲ್ಲ ಸೇರಿದರೂ ಬಟ್ಟೆ ತುಂಬಿದ ಬೀರುವಿನಷ್ಟಾಗುವುದಿಲ್ಲ.

"ಮಲ್ಲೇಶಿ, ಆ ಮೂಲಿ ಹಿಡಿ. ಭೀಮು, ಎದುರಿಂದು."

ಅವರಿಬ್ಬರಿಗೂ ಕೂಡಲೇ ತಿಳಿಯಿತು. ಮೂರು ಮೂಲೆಗೆ ಮೂವರು ನಿಂತೆವು. ನಾಲ್ಕನೆಯದು ಖಾಲಿ. ಮೈದುನ ನಗುತ್ತಿದ್ದ. ಆಗ ಗಾಡಿಯ ಬಾಗಿಲು ತೆರೆದ ಸದ್ದಾಯಿತು. ಹಸನಸಾಬ ಇಳಿದು ಬಂದು, ಎಲೆ ಅಡಿಕೆ ಉಗುಳಿ, ಅಂಗಿಯ ತೋಳು ಮಡಚಿ ನಾಲ್ಕನೆಯ ಮೂಲೆ ಹಿಡಿದ. "ಹೂಂ ಅನ್ನು" ಎಂದ ನನಗೆ.

ಒಂದು, ಎರಡು, ಹೂಂ ಎಂದೆ. ಸ್ಟ್ಯಾಂಡು ಮೇಲೆದ್ದಿತು, ಅದರ ಜೊತೆ ಅವನೂ ಎದ್ದ. ಮೊದಲು ಅವನಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಆಮೇಲೆ ಎರಡೂ ಕೈಯಿಂದ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾವು ಅವನ ಕೂದಲೂ ಅಲುಗದಂತೆ, ನಾಜೂಕಿನ ಸಾಮಾನಿಗೆ ಮಾಡುವ ಎಲ್ಲ ಮರ್ಯಾದೆಯನ್ನೂ ಮಾಡಿ, ಅಂಗಳ ದಾಟಿಸಿ ಓಣಿಗೆ ತಂದೆವು. ಯಾರೋ ಹೆಂಗಸು ಮೊದಲು ನಕ್ಕಳು. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಕಟ್ಟೆಯ ಮೇಲಿದ್ದ ಅವನ ತಾಯಿ ಬಾಯಿಗೆ ಸೆರಗು ಹಿಡಿದಿದ್ದಳು. ಗಾಡಿಯ ಹಿಂಬಾಗಿಲಿಗೆ ಸ್ಟ್ಯಾಂಡು ತಾಗಿಸಿ ನಿಂತೆ.

"ಗಾಡಿ ವಿಜಯಪುರಕ್ಕ ಹೊಂಟೈತ್ರಿ. ನಿಮ್ಮ ಹೆಸರ ನಮ್ಮ ಯಾದ್ಯಾಗ ಇಲ್ಲ. ಬರೂದಿದ್ರ ಅಕ್ಕಾರ ಕಡಿಂದ ಸಹಿ ಮಾಡಸಬೇಕಾಗ್ತೈತಿ."

ಅವನು ಧುಮುಕಿ ಇಳಿದ. ಚಪ್ಪಲಿ ಒಂದು ಗಾಡಿಯೊಳಗೆ ಬಿತ್ತು, ಭೀಮು ಅದನ್ನು ತೆಗೆದು ಒರೆಸಿ ಕೈಗೆ ಕೊಟ್ಟ. ಸ್ಟ್ಯಾಂಡು ಒಳಗೆ ಹೋಯಿತು, ಹಗ್ಗ ಬಿಗಿದೆವು.

ಗಂಡ ಇಷ್ಟು ಹೊತ್ತೂ ಮೋಟರ್ ಸೈಕಲ್ ಹತ್ತಿರವೇ ನಿಂತಿದ್ದ. ಕಸ್ತೂರಿ ಗಾಡಿ ಹತ್ತುವಾಗ ಜೇಬಿನಿಂದ ಸಣ್ಣ ಕೀಲಿಕೈ ತೆಗೆದು ಎತ್ತಿ ತೋರಿಸಿದ.

"ಒಯ್ಯಿ. ಕೀಲಿಕೈ ನನ್ನ ಹಂತೇಕ ಐತಿ."

ಅವಳು ಅವನನ್ನು ನೋಡಿ, "ಇಟ್ಕೋರಿ" ಎಂದಳು.

ವಿಜಯಪುರದಲ್ಲಿ ಅವಳ ಕೋಣೆ ಎರಡನೆಯ ಮಹಡಿಯಲ್ಲಿತ್ತು. 'ಇಲ್ಲೇ ಇಡ್ರಿ, ಬೆಳಕ ಬರ್ತೈತಿ' ಎಂದು ಅವಳು ಸ್ಟ್ಯಾಂಡನ್ನು ಮೊದಲು ಕಿಟಕಿಯ ಹತ್ತಿರ ಇಡಿಸಿ, ನಾವು ಬೀರು, ಮಂಚ ಹೊತ್ತು ಮುಗಿಸುವವರೆಗೆ ಅದರ ಪಕ್ಕವೇ ನಿಂತಿದ್ದಳು. ನಮ್ಮ ಗಾಡಿಯಲ್ಲಿ ಕಬ್ಬಿಣ ಕೊಯ್ಯುವ ಗರಗಸ ಇರುತ್ತದೆ. ಮಲ್ಲೇಶಿ ಅದನ್ನು ತಂದು ಸರಪಳಿಯ ಮುಂದೆ ಕೂತ.

"ಇಲ್ಲಿ ಕೊಡ್ರಿ" ಎಂದಳು.

"ಕೈ ಹರೀತೈತ್ರಿ ಅಕ್ಕಾರ, ಐದ ನಿಮಿಷದ ಕೆಲಸ, ನಾ ಕೊಯ್ತೇನಿ."

"ಕೊಡ್ರಿ ಅಂದೆ."

ಮಲ್ಲೇಶಿಗೆ ಐದು ನಿಮಿಷ ಸಾಕಿತ್ತು, ಅವಳಿಗೆ ಬಹಳ ಹೊತ್ತು ಹಿಡಿಯಿತು. ಗರಗಸ ಜಾರಿತು, ಬೆರಳಿಗೆ ತಾಗಿತು. ಅವಳು ಬಾಯಲ್ಲಿ ಬೆರಳಿಟ್ಟು ಚೀಪಿ ಮತ್ತೆ ಕೊಯ್ದಳು. ನಾವು ನಾಲ್ವರೂ ಗೋಡೆಗೆ ಒರಗಿ ಕೂತು ಸುಮ್ಮನೆ ನೋಡಿದೆವು. ಎತ್ತಿ ಅಭ್ಯಾಸವಾದವರಿಗೆ ಸುಮ್ಮನೆ ಕೂರುವುದು ಕಷ್ಟ, ಆದರೂ ಯಾರೂ ಏಳಲಿಲ್ಲ. ಸರಪಳಿ ತುಂಡಾಗಿ ನೆಲಕ್ಕೆ ಬಿತ್ತು. ಮಷೀನಿನ ತಲೆ ಕೂರಿಸಿ ಪಟ್ಟಾ ಹಾಕಿಕೊಟ್ಟೆ. ಅವಳು ಸ್ಟೂಲು ಎಳೆದುಕೊಂಡು ಕೂತು ತುಳಿದಳು. ನಾಲ್ಕು ತಿಂಗಳು ನಿಂತದ್ದಕ್ಕೆ ಚಕ್ರ ಕಿರುಗುಟ್ಟಿತು, ಆಮೇಲೆ ಸರಾಗವಾಯಿತು. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಬರೆಯಲು ನಾಚಿಕೆಯೇನಿಲ್ಲ.

ಮರುದಿನ ಆಫೀಸಿನಲ್ಲಿ ಮಾಲಕರ ಎದುರಿಗೆ ಆ ದೊಡ್ಡಪ್ಪನೂ ಮೈದುನನೂ ಕೂತಿದ್ದರು. ಕುರ್ಚಿಯ ಮೇಲೆ ಕೂತಿದ್ದ ಮೈದುನ ನಾನು ಒಳಗೆ ಬಂದದ್ದು ನೋಡಿ ಎದ್ದು ನಿಂತ. ಯಾಕೆ ಎಂದು ಅವನಿಗೇ ಗೊತ್ತು.

ಮಾಲಕರು ಕೆಟ್ಟವರಲ್ಲ. ಅವರಿಗೆ ಗಲಾಟೆ ಬೇಡ, ಕೆಲಸ ಕೊಡುವವರನ್ನು ಕಳೆದುಕೊಳ್ಳುವುದೂ ಬೇಡ. "ನೋಡೋ ಯಮನಪ್ಪಾ, ದೊಡ್ಡವರು ಇಲ್ಲಿತನಕಾ ಬಂದಾರ. ತಪ್ಪಾಗೈತಿ ಅಂತ ಒಂದ ಮಾತ ಅನ್ನು. ನಾ ಇಲ್ಲಿಗೇ ಮುಗಸ್ತೇನಿ. ಇಲ್ಲಂದ್ರ ನಿನ್ನ ಮುಕಾದಮ ಇಡೂದು ನನ್ನ ಕೈಲಿ ಆಗೂದಿಲ್ಲ."

"ತಪ್ಪಾಗೈತ್ರಿ" ಎಂದೆ.

ಮಾಲಕರ ಮುಖ ಹಗುರಾಯಿತು. ದೊಡ್ಡಪ್ಪ ರುಮಾಲು ಸರಿ ಮಾಡಿಕೊಂಡ.

"ಆ ಮಷೀನಿಗೆ ಕೀಲಿ ಬಿದ್ದು ನಾಕ ತಿಂಗಳಾಗಿತ್ತು. ಬಿದ್ದ ಮರುದಿನಾನ ಹೋಗಿ ತರಬೇಕಾಗಿತ್ತು. ತಡಾ ಮಾಡಿ ಹೋದ್ವಿ. ಅದ ನಮ್ಮ ತಪ್ಪು."

ನನ್ನ ಮುಕಾದಮಿಕೆ ಆ ಮಧ್ಯಾಹ್ನವೇ ಹೋಯಿತು. ಮಲ್ಲೇಶಿಯನ್ನು ಮುಕಾದಮ ಮಾಡಿದರು. ಅವನು ಬೇಡವೆಂದ, ನಾನೇ ಒಪ್ಪಿಸಿದೆ. ಆಮೇಲಿನ ಏಳು ವರ್ಷ ಅವನು ಹೇಳಿದ ಮೂಲೆ ಹಿಡಿದು ಎತ್ತಿದೆ, ಹಿಡಿದ ಒಂದು ಮೂಲೆಯನ್ನೂ ಬಿಡಲಿಲ್ಲ. ಕಳೆದ ವರ್ಷ ಮೊಣಕಾಲು ಇನ್ನಾಗದು ಎಂದಾಗ ಕೆಲಸ ಬಿಟ್ಟೆ. ಕೊನೆಯ ದಿನ ಮಾಲಕರು ಎಲ್ಲರ ಎದುರಿಗೆ ಹಾರ ಹಾಕಿ, ಶಾಲು ಹೊದೆಸಿ, ಕೈ ಹಿಡಿದುಕೊಂಡೇ ಕೇಳಿದರು.

"ಅವತ್ತ ತಪ್ಪಾತು ಅಂತ ಒಂದ ಮಾತ ಅಂದಿದ್ರ ಮುಕಾದಮ ಆಗೇ ಮನಿಗಿ ಹೋಗತಿದ್ದೆಲ್ಲೋ, ಯಮನಪ್ಪಾ."

"ಅಂದಿದ್ನಲ್ರಿ ಮಾಲಕರ" ಎಂದೆ. "ತಡಾ ಆತು ಅಂತ."